ಗದ್ದದ ಕೂದಲಿಗೆ ಅತ್ತೆಯ ಮದ್ದು

ಮಗಳಿಗೆ ಮುಟ್ಟು ನಿಂತು ತಿಂಗಳುಗಳೇ ಕಳೆದಿದ್ದವು. ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚಿಕೊಂಡೇ ಬೆಳೆದ ಹುಡುಗಿ. ಈಗ ಗದ್ದದ ಮೇಲೆ ಒರಟು ಕೂದಲು ಬೇರೆ. ಡಾಕ್ಟರ ನಂಬರು ಅಮ್ಮನ ಫೋನಿನಲ್ಲೇ ಇತ್ತು. ಆದರೆ ಬೆಣ್ಣೆ ಅಂಗೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರು ಸುತ್ತಿದ ಹಾಗೆ, ಅವಳು ಮಗಳನ್ನು ಕರೆದುಕೊಂಡು ಓಡಿದ್ದು ಗಂಡನ ಅಕ್ಕನ ಬಳಿಗೆ.

ಈ ಅಕ್ಕನದು ಚಪ್ಪಲಿ ಅಂಗಡಿಯ ಮೇಲೊಂದು ಬ್ಯೂಟಿ ಪಾರ್ಲರು. ಹುಬ್ಬು ತಿದ್ದುವುದರಲ್ಲಿ ಎತ್ತಿದ ಕೈ, ಸುಳ್ಳು ಹೇಳಬಾರದು. ಕಷ್ಟ ಇದ್ದದ್ದು ಬಾಯಿಯಲ್ಲಿ. ತುಟಿಯ ಮೇಲೆ ದಾರ ಆಡುತ್ತಿರುವಾಗ ಯಾರು ತಾನೇ ಎದುರು ಮಾತಾಡುತ್ತಾರೆ? ಕಣ್ಣು ಮುಚ್ಚಿ ಹೂಂಗುಟ್ಟುತ್ತಾರೆ. ವರ್ಷಗಟ್ಟಲೆ ಆ ಹೂಂ ಕೇಳಿ ಕೇಳಿ, ತಲೆಹೊಟ್ಟಿನಿಂದ ಗರ್ಭಕೋಶದವರೆಗೆ ತನಗೆ ತಿಳಿಯದ್ದಿಲ್ಲವೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಅವಳ ಗಂಡ ಮಾತ್ರ ತನ್ನ ಬಿಪಿ ಮಾತ್ರೆಯನ್ನು ಕದ್ದು ನುಂಗುತ್ತಿದ್ದ.

"ಎಲ್ಲಾ ಆ ಇಂಜೆಕ್ಷನ್ ಕಿತಾಪತಿ ಕಣೇ," ಎಂದಳು, ಹುಡುಗಿಯ ಗದ್ದಕ್ಕೆ ದಾರ ಹಿಡಿದು. "ಚುಚ್ಚಿ ಚುಚ್ಚಿ ಮಗೂಗೆ ಗಡ್ಡ ಬರ್ಸಿದ್ದೀರ. ಅದನ್ನ ಕಮ್ಮಿ ಮಾಡಿ, ನನ್ನ ಈ ಬೇರಿನ ಪುಡಿ ಕೊಡು."

"ಡಾಕ್ಟ್ರನ್ನ ಒಂದ್ಸಲ ಕೇಳೋಣ ಅಂತ ಅಕ್ಕ..."

"ಕೇಳು, ಕೇಳು! ಹಾರ್ಮೋನ್ ಡಾಕ್ಟ್ರ ಹತ್ರ ಹೋದ ಹುಡುಗೀನ ನಾಳೆ ಯಾವನು ಮದ್ವೆ ಆಗ್ತಾನೆ?"

ಅಮ್ಮನೂ ಹೂಂ ಅಂದಳು. ಅವಳ ತುಟಿಯ ಮೇಲೇನೂ ದಾರ ಇರಲಿಲ್ಲ.

ಹುಡುಗಿ ಪುಡಿಯನ್ನು ಸಿಂಕಿಗೆ ಸುರಿದಳು. ಅತ್ತೆಯ ಮಾತನ್ನು ಮಾತ್ರ ನುಂಗಿದಳು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬಾಟಲಿಗಟ್ಟಲೆ ನೀರು ಕುಡಿದು ವಾಂತಿ ಮಾಡತೊಡಗಿದಳು. ಸಕ್ಕರೆ ನೋಡುವ ಮೀಟರಿನಲ್ಲಿ ಅಂಕಿಯೇ ಇಲ್ಲ, 'ಹೈ' ಅಂತಷ್ಟೇ.

"ಇನ್ಸುಲಿನ್ ತಗೊಂಡ್ಯೇನೇ?"

"ನಿನ್ನೆಯಿಂದ ಬಿಟ್ಟಿದ್ದೀನಿ. ಗಡ್ಡ ಬಿಟ್ಕೊಂಡು ಸ್ಕೂಲಿಗೆ ಹೋಗ್ಲಾ? ಅತ್ತೆ ಹೇಳ್ದಾಗ ನೀನೂ ಹೂಂ ಅಂದ್ಯಲ್ಲಮ್ಮಾ!"

ಹೊಸ ಪುಡಿ ಹಿಡಿದು ಬಂದಿದ್ದ ಅತ್ತೆ ಬಾಗಿಲಲ್ಲೇ ನಿಂತು, "ವಾಂತಿ ಆದ್ರೆ ಒಳ್ಳೇದೇ, ಒಳಗಿನ ವಿಷ ಹೊರಗೆ ಬರ್ತಿದೆ," ಎಂದಳು.

ಅಮ್ಮ ಅವಳತ್ತ ತಿರುಗಲಿಲ್ಲ. ಫೋನು ಕಿವಿಗೇರಿತು.

"ಡಾಕ್ಟ್ರೇ, ಮಗಳು ಇನ್ಸುಲಿನ್ ಬಿಟ್ಟಿದ್ದಾಳೆ, ವಾಂತಿ ಆಗ್ತಿದೆ. ಮುಟ್ಟೂ ನಿಂತಿದೆ, ಗದ್ದದಲ್ಲಿ ಕೂದಲು..."

"ಈಗ್ಲೇ ಆಸ್ಪತ್ರೆಗೆ ಕರ್ಕೊಂಡ್ಬನ್ನಿ, ಒಂದು ನಿಮಿಷಾನೂ ತಡ ಮಾಡ್ಬೇಡಿ. ಮುಟ್ಟಿಗೂ ಕೂದಲಿಗೂ ಚಿಕಿತ್ಸೆ ಇದೆಯಮ್ಮ, ಇನ್ಸುಲಿನ್ ಜೊತೆಗೇ ಕೊಡೋದು. ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಬರ್ತಿದ್ದೀವಿ," ಎಂದಳು ಅಮ್ಮ.