ಅತ್ತೆಯ ಸಂಚಿ

ನನ್ನ ಗಂಡ ಬೇಲಿಯ ದಣಪೆಯ ಅಡ್ಡಗಳುಗಳನ್ನು ಹತ್ತಿ ದಾಟುವಾಗ ಜಾರಿ ಬಿದ್ದರು. ಕತ್ತಿಯನ್ನು ಮೊದಲು ಆಚೆ ಎಸೆದು ದಾಟಬೇಕಿತ್ತು, ಸೊಂಟದ ಕೊಕ್ಕೆಯಲ್ಲೇ ಬಿಟ್ಟಿದ್ದರು. ಅದು ತೊಡೆಸಂದಿಗೇ ಇಳಿದು ರಕ್ತ ಚಿಮ್ಮತೊಡಗಿತು. ನಾನು ಅವರ ಹೆಗಲ ಮೇಲಿದ್ದ ಬೈರಾಸಿನಿಂದ ತೊಡೆ ಬಿಗಿದೆ. ನಿಲ್ಲಲಿಲ್ಲ. ಗಾಯ ಕಟ್ಟಿಗಿಂತ ಮೇಲಿತ್ತು, ಅದಕ್ಕೂ ಮೇಲೆ ಕಟ್ಟಲು ಜಾಗವೇ ಇರಲಿಲ್ಲ.

ಅಷ್ಟರಲ್ಲಿ ಅತ್ತೆ ಓಡಿ ಬಂದರು. ಸೊಂಟದಲ್ಲಿದ್ದ ಎಲೆಯಡಿಕೆ ಸಂಚಿ ಕಿತ್ತು ಗಾಯದ ಮೇಲಿಟ್ಟು, ಅದರ ಮೇಲೆ ತಮ್ಮ ಮಂಡಿಯನ್ನೇ ಊರಿದರು. ಒಣಗಿದ ಇಡಿ ಗೋಟಡಿಕೆ ತುಂಬಿದ್ದ ಆ ಸಂಚಿ ಮುಷ್ಟಿಯಷ್ಟು ಗಟ್ಟಿಯಾಗಿತ್ತು. ರಕ್ತ ತಗ್ಗಿತು.

"ಎಂತ ನೋಡ್ತಾ ನಿಂತಿದೀಯೆ ಮಾರಾಯ್ತಿ? ಆ ಬೈರಾಸು ಬಿಚ್ಚಿ ಸಂಚಿ ಮೇಲಿಂದ ಸೊಂಟಕ್ಕೆ ಬಿಗಿ. ಪಕ್ಕದ್ಮನೆ ಜೀಪಿಗೆ ಕೂಗು!"

ನಮ್ಮೂರು ಕೆರೆಕಟ್ಟೆಯಿಂದ ಶೃಂಗೇರಿ ಆಸ್ಪತ್ರೆಯವರೆಗೆ, ಅಷ್ಟು ಹೊಂಡಗಳ ರಸ್ತೆಯಲ್ಲೂ ಅವರು ಮಂಡಿ ತೆಗೆಯಲಿಲ್ಲ.

ಹೊಲಿಗೆ ಹಾಕಿದ ಡಾಕ್ಟರು ಸಂಚಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹೃದಯದ ಆಸ್ಪತ್ರೆಗಳಲ್ಲಿ ತೊಡೆಯ ರಕ್ತನಾಳಕ್ಕೆ ನಳಿಗೆ ಹಾಕಿ ತೆಗೆದ ಮೇಲೆ ಈ ಜಾಗ ಒತ್ತಿ ಹಿಡಿಯಲಿಕ್ಕೇ ಗುಂಡನೆಯ ಉಬ್ಬಿರುವ ಬೆಲ್ಟು ಇರ್ತದೆ ಅಮ್ಮ. ನೀವು ಮಾಡಿದ್ದು ಅದನ್ನೇ."

"ಅದೆಲ್ಲ ಇರ್ಲಿ. ಇಲ್ಲಿ ಒಂದು ಹೋಳು ಅಡಿಕೆ ಸಿಗ್ತದಾ?" ಎಂದರು ಅತ್ತೆ.

ಎಲೆಯಡಿಕೆ ಬಿಡು ಎಂದು ತಾಯಿಯನ್ನು ದಿನವೂ ಗದರುತ್ತಿದ್ದ ನನ್ನವರು, ಗಾಯ ಮಾಗಿದ ಮೇಲೆ ಕುಂಟುತ್ತಲೇ ಪೇಟೆಗೆ ಹೋಗಿ ಹೊಸ ಸಂಚಿ ತಂದರು. ಗೋಟಡಿಕೆಯನ್ನು ಗಿಡಿದು ತುಂಬಿ, ತಾವೇ ತಾಯಿಯ ಸೊಂಟಕ್ಕೆ ಸಿಕ್ಕಿಸಿದರು.