ಕಲ್ಲಿಗೆ ಹೆದರದ ಸರದಾರ

ಕಮಲಾಪುರದ ಕೆಂಪು ಬಾಳೆಯ ರುಚಿ ಕಂಡವರು ಬಹಳ ಮಂದಿ. ಅದನ್ನು ಕಾದ ಮಾಪಣ್ಣನನ್ನು ನೆನೆಯುವವರು ನಮ್ಮ ಓಣಿಯಲ್ಲೂ ಈಗ ಇಲ್ಲ. ನಿಜಾಮರ ಕಾಲದಲ್ಲಿ ಅವನು ಕಲಬುರಗಿಯ ಸಾಹುಕಾರ ಕಲ್ಯಾಣಪ್ಪನ ಬಾಳೆತೋಟದ ಕಾವಲುಗಾರ. ಗೊನೆ ಕದಿಯಲು ಬಂದವರು ಮೊದಲು ನಾಯಿಗೆ ಕಲ್ಲು ಬೀಸುತ್ತಿದ್ದರು. ನಾಯಿ ಬಾಲ ಮುದುರಿಕೊಂಡು ಓಡಿತೋ, ತೋಟ ಅವರದೇ. ಅದಕ್ಕೇ ಮಾಪಣ್ಣ ತನ್ನ ನಾಯಿಗಳಿಗೆ ಓಡದಿರುವುದನ್ನು ಕಲಿಸುತ್ತಿದ್ದ. ಮರಿಯ ಪಕ್ಕಕ್ಕೆ ಕಲ್ಲೆಸೆಯುವುದು. ಕದಲದೆ ಕೂತರೆ ರೊಟ್ಟಿ. ಬರಬರುತ್ತ ಕಲ್ಲು ಹತ್ತಿರ ಬೀಳುತ್ತಿತ್ತು, ಕೊನೆಗೆ ಮೈಗೂ ತಾಗುತ್ತಿತ್ತು.

"ರೊಟ್ಟಿ ಕೊಡೂ ಕೈಲೇ ಕಲ್ಲು ಹೊಡಿತೀಯಲ್ಲ, ನಿನ್ನ ಕೈಗೆ ಬೆಂಕಿ ಹತ್ಲಿ!" ಎಂದು ಹೆಂಡತಿ ಬಂಡೆಮ್ಮ ಬಯ್ಯುತ್ತಿದ್ದಳು. ಬಯ್ದವಳೇ ರೊಟ್ಟಿಗೆ ಎಣ್ಣೆ ಸವರಿ ಕೊಡುತ್ತಿದ್ದಳು.

ಅವನ ಕೈಯಲ್ಲಿ ಬೆಳೆದ ನಾಯಿಗಳಲ್ಲಿ ಸರದಾರನಂಥದು ಇನ್ನೊಂದಿರಲಿಲ್ಲ. ಅದೇ ಸಾಹುಕಾರನ ಕಣ್ಣಿಗೆ ಬಿತ್ತು. ಕಲಬುರಗಿಯ ರೋಜಾ ಬಡಾವಣೆಯ ಹತ್ತಿರದ ತನ್ನ ಮನೆಗೆ ಒಯ್ದು ಕಟ್ಟಿಸಿದ. ಹಗ್ಗ ಕಡಿದು ಅದು ಕಮಲಾಪುರಕ್ಕೆ ಓಡಿ ಬಂತು. ಮತ್ತೆ ಒಯ್ದ, ಮತ್ತೆ ಬಂತು. ಧಣಿಗಿಂತ ಆಳೇ ಹೆಚ್ಚು ಎಂದು ನಾಯಿ ಊರಿಗೆಲ್ಲ ಸಾರಿದ ಹಾಗಾಯಿತು.

"ಇನ್ನೊಮ್ಮೆ ನಿನ್ನ ಹಂತೇಲಿ ಬಂತಂದ್ರ ಗುಂಡು ಹಾಕಸ್ತೀನಿ," ಎಂದ ಸಾಹುಕಾರ. ಹೈದರಾಬಾದಿನಿಂದ ಪರವಾನಗಿ ತರಿಸಿದ ಬಂದೂಕು ಸುಮ್ಮನೆ ಗೋಡೆಗೆ ತೂಗುತ್ತಿತ್ತಲ್ಲ, ಅದಕ್ಕೂ ಒಂದು ಕೆಲಸ ಬೇಕಿತ್ತು.

"ಬ್ಯಾಡ್ರಿ ಧಣ್ಯಾರ. ಅದು ಓಡಿ ಬರದಂಗ ನಾ ಮಾಡ್ತೀನ್ರಿ," ಎಂದ ಮಾಪಣ್ಣ ತನ್ನ ಹಳೆಯ ಕಂಬಳಿಯನ್ನು ಸಾಹುಕಾರನ ಅಂಗಳದಲ್ಲಿ ಹಾಸಿ ಬಂದ. ಅವನ ಬೆವರು, ತೋಟದ ಮಣ್ಣು, ಒಲೆಯ ಹೊಗೆ ಎಲ್ಲ ಅದರಲ್ಲಿತ್ತು. ಸರದಾರ ಅದರ ಮೇಲೆ ಮುದುಡಿ ಮಲಗಿತು. ಮುಂದೆ ಓಡಲಿಲ್ಲ. ಇತ್ತ ಮಾಪಣ್ಣ ಗೋಣಿಚೀಲ ಹೊದ್ದು ತೋಟ ಕಾದ.

ದಸರೆ ಬಂತು. ಘಟ ಕೂರಿಸುವ ಮುಂಚೆ ನಮ್ಮ ಕಡೆ ಮನೆಯ ಹಾಸಿಗೆ ಹೊದಿಕೆ ಒಂದನ್ನೂ ಬಿಡದೆ ಒಗೆಯಬೇಕು. ಸಾಹುಕಾರನ ಮನೆಯವರು ನಾಯಿಯ ಕಂಬಳಿಯನ್ನೂ ಬಿಡಲಿಲ್ಲ. ಸವಳು ಮಣ್ಣು ಹಾಕಿ ನೆನೆಸಿ, ಬಂಡೆಗೆ ಬಡಿದು ಒಗೆದರು. ಯಾರ ತಪ್ಪೆನ್ನಲಿ? ಹಬ್ಬದ ಮಡಿ. ಒಣಗಿದ ಕಂಬಳಿಯನ್ನು ಸರದಾರ ಮೂಸಿ ಮೂಸಿ ನೋಡಿತು. ಅದರಲ್ಲಿ ಮಾಪಣ್ಣ ಇರಲಿಲ್ಲ. ಮರುದಿನ ಬೆಳಗಾಗುವುದರೊಳಗೆ ಅದು ಕಮಲಾಪುರದ ತೋಟದಲ್ಲಿತ್ತು.

ಅದನ್ನು ಕಂಡು ಮಾಪಣ್ಣ ದಾರಿಯ ಕಡೆ ತಿರುಗಿ ನೋಡಿದ. ಸಾಹುಕಾರನ ಆಳು ದೌಲಪ್ಪ, ಹೆಗಲಿಗೆ ಬಂದೂಕು ಹಾಕಿಕೊಂಡು, ಕುದುರೆಯ ಮೇಲೆ ಆಗಲೇ ದಾರಿಯ ತಿರುವಿನಲ್ಲಿ ಕಾಣುತ್ತಿದ್ದ.

"ಓಡು! ಗುಡ್ಡಕ್ಕ ಓಡು!" ಎಂದು ಮಾಪಣ್ಣ ಕಲ್ಲೆತ್ತಿ ಬೀಸಿದ. ಸರದಾರ ಕೂತಿತು. ಇನ್ನೊಂದು ಕಲ್ಲು ಹಣೆಗೇ ಬಡಿದು ರಕ್ತ ಬಂತು. ಕದಲಲಿಲ್ಲ. ಅವನು ಅಳುತ್ತ ಹೊಡೆದಷ್ಟೂ ಅದು ನೆಟ್ಟಗೆ ಕೂತು, ಬಾಲ ಆಡಿಸುತ್ತ ಅವನ ಕೈ ನೋಡುತ್ತಿತ್ತು. ಕಲ್ಲಿನ ಬಳಿಕ ರೊಟ್ಟಿ ಬರುತ್ತದೆಂದು ಅದಕ್ಕೆ ಗೊತ್ತಿತ್ತು.

ದೌಲಪ್ಪ ಬಂದು ಇಳಿದ. ಮಾಪಣ್ಣ ಕೈಲಿದ್ದ ಕಲ್ಲನ್ನು ಕೆಳಗಿಟ್ಟ.

"ದೌಲಪ್ಪಣ್ಣಾ, ಧಣಿ ಮಾತು ನೀ ಮೀರಬ್ಯಾಡ. ಒಂದೀಟು ತಡಿ. ಅದಕ್ಕ ರೊಟ್ಟಿ ಕೊಡೂದದ."

ಬಂಡೆಮ್ಮ ಎಣ್ಣೆ ಸವರಿದ ರೊಟ್ಟಿ ತಂದಳು. ಸರದಾರ ಅದನ್ನು ತಿಂದು ಮುಗಿಸುವ ತನಕ ದೌಲಪ್ಪ ಮುಖ ತಿರುಗಿಸಿ ನಿಂತಿದ್ದ.