ಡ್ರೈವಿಂಗ್ ಮೇಷ್ಟ್ರ ಎರಡನೆಯ ಬ್ರೇಕು

ಡ್ರೈವಿಂಗ್ ಮೇಷ್ಟ್ರಿಗೆ ಈ ಲೋಕದಲ್ಲಿ ಪೂರ್ತಿ ನಂಬಿಕೆ ಇದ್ದದ್ದು ಒಂದೇ ವಸ್ತುವಿನ ಮೇಲೆ. ಅದು ಕಾರಿನಲ್ಲಿ ಅವರು ಕೂರುವ ಪಕ್ಕದ ಸೀಟಿನ ಮುಂದೆ, ಅವರಿಗೆಂದೇ ಕೂರಿಸಿದ್ದ ಎರಡನೆಯ ಬ್ರೇಕು. ಕಲಿಯಲು ಬಂದವರು ಸ್ಟೀರಿಂಗ್ ಹಿಡಿದು ದೇವರ ಮೇಲೆ ಭಾರ ಹಾಕಿದರೆ, ಮೇಷ್ಟ್ರು ತಮ್ಮ ಭಾರವನ್ನೆಲ್ಲ ಆ ಬ್ರೇಕಿನ ಮೇಲೆ ಹಾಕಿ ಕೂರುತ್ತಿದ್ದರು.

ಮನುಷ್ಯರನ್ನು ನಂಬುವ ಅಭ್ಯಾಸ ಅವರಿಗಿರಲಿಲ್ಲ. ಗಡಿಯಾರ ರಿಪೇರಿಗೆ ಕೊಟ್ಟರೆ ಅದು ಕೈಗೆ ಬರುವತನಕ ಅಂಗಡಿಯ ಮೆಟ್ಟಿಲು ಬಿಟ್ಟು ಏಳುತ್ತಿರಲಿಲ್ಲ. ದರ್ಜಿಯಿಂದ ಉಳಿದ ಬಟ್ಟೆಯ ಚೂರುಗಳನ್ನೂ ಇಸಿದುಕೊಂಡು, ಮನೆಗೆ ತಂದು ನೆಲದ ಮೇಲೆ ಜೋಡಿಸಿ ನೋಡುತ್ತಿದ್ದರು. ಒಬ್ಬ ಡಾಕ್ಟರು ಕೊಟ್ಟ ಮಾತ್ರೆಯನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸುವರು. ಅವರೂ ಸರಿಯೆಂದರೆ, ಇಬ್ಬರೂ ಒಳಗೊಳಗೇ ಸೇರಿಕೊಂಡಿದ್ದಾರೆ ಎಂದುಕೊಳ್ಳುವರು.

ಗ್ಯಾರೇಜಿನವರು ಒಳ್ಳೆಯ ಸಾಮಾನು ಕಿತ್ತು ಹಳೆಯದನ್ನು ಕೂರಿಸುತ್ತಾರೆಂಬುದಂತೂ ಅವರ ಮಟ್ಟಿಗೆ ಸಿದ್ಧವಾದ ಸತ್ಯ. ಹಾಗಾಗಿ ಹೆಂಡತಿಯ ನೇಲ್ ಪಾಲಿಶ್ ಕದ್ದು, ಬ್ಯಾಟರಿಯಿಂದ ಬೋಲ್ಟಿನವರೆಗೆ ಗುರುತಿಗೆಂದು ಕೆಂಪು ಚುಕ್ಕಿ ಇಟ್ಟಿದ್ದರು. "ಅಂಗಡಿಯವನು ಅರ್ಧ ಬಾಟಲಿ ತುಂಬಿ ಕೊಡ್ತಾನೆ ಅನ್ಸುತ್ತೆ ಕಣ್ರೀ, ಬೇಗ ಖಾಲಿಯಾಗುತ್ತೆ," ಎಂದು ಆಕೆ ಗೊಣಗಿದರೆ, "ಅವನು ಮೊದಲೇ ಕಳ್ಳ," ಎಂದು ಮುಖ ಗಂಭೀರ ಮಾಡಿಕೊಂಡು ತಲೆಯಾಡಿಸುತ್ತಿದ್ದರು.

ಕಾರನ್ನು ನೋಡಿಕೊಳ್ಳುತ್ತಿದ್ದವನು ಬಾಮೈದ, ಹೆಂಡತಿಗೆ ಇದ್ದ ಒಬ್ಬನೇ ತಮ್ಮ. ತಾಯಿ ಹೋದ ಮೇಲೆ ಅಕ್ಕನ ಕೈತುತ್ತು ತಿಂದು ಬೆಳೆದವನು. ಆಕೆಗೆ ತವರು ಅಂತ ಉಳಿದಿದ್ದದ್ದು ಅವನ ಗ್ಯಾರೇಜಿನ ಮೇಲಿನ ಎರಡು ಕೋಣೆ.

ಈ ಸಲ ಅವನು ನಾಲ್ಕೂ ಸ್ಪಾರ್ಕ್ ಪ್ಲಗ್ಗು ಹೊಸದು ಹಾಕಿದ. ಮೇಷ್ಟ್ರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಕ್ಕದಲ್ಲೇ ನಿಂತಿದ್ದರು. ಆದರೆ ನಡುವೆ ಫೋನು ಬಂದು ರಸ್ತೆಗೆ ಹೋಗಬೇಕಾಯಿತು. ತಲೆಯಲ್ಲಿ ಹುಳ ಕೊರೆಯಲು ಅಷ್ಟು ಸಾಕಾಯಿತು. ಭಾನುವಾರ ಹೆಂಡತಿ ಹೊರಗೆ ಹೋದದ್ದನ್ನು ನೋಡಿ, ಹಳೆಯ ಪಾನಾ ಹುಡುಕಿ ಪ್ಲಗ್ಗುಗಳನ್ನು ತಾವೇ ಬಿಚ್ಚಿದರು. ಎಲ್ಲವೂ ಹೊಸವೇ. ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು. ಮುಂದಕ್ಕಾದರೂ ಇರಲಿ ಎಂದು ಒಂದೊಂದಕ್ಕೂ ಚುಕ್ಕಿ ಇಟ್ಟರು. ಕೆಂಪು ಬಾಟಲಿ ತಳ ಕಂಡಿತ್ತು. ಹೆಂಡತಿ ಹಿಂದಿನ ದಿನವಷ್ಟೇ ತಂದಿದ್ದ ನೇರಳೆ ಬಣ್ಣವೇ ಆಯಿತು. ಕೊನೆಯ ಪ್ಲಗ್ಗು ಬಿಗಿಯುವಾಗ ಪಾನಾ ಜಾರಿ ಟಕ್ ಎಂದಿತು. ಬೆರಳು ಜಜ್ಜಲಿಲ್ಲವಲ್ಲ ಎಂದು ಸಮಾಧಾನಪಟ್ಟು ಬಾನೆಟ್ ಮುಚ್ಚಿದರು.

ಸೋಮವಾರದಿಂದ ಕಾರು ನಡುಗತೊಡಗಿತು. ನಿಂತಲ್ಲಿ ಸುಮ್ಮನಿರುತ್ತಿತ್ತು, ಆಕ್ಸಿಲರೇಟರ್ ಒತ್ತಿದರೆ, ಅದರಲ್ಲೂ ಏರಿನಲ್ಲಿ, ಚಳಿಜ್ವರ ಬಂದವರ ಹಾಗೆ ಗಡಗಡ. ಮೊದಲ ಅನುಮಾನ ಕಲಿಯಲು ಬರುತ್ತಿದ್ದ ಬ್ಯಾಂಕಿನ ಹೆಂಗಸಿನ ಮೇಲೆ ಬಿತ್ತು. "ಕ್ಲಚ್ಚು ಹಾಗೆ ಬಿಟ್ರೆ ಕಾರು ಅಳದೆ ಇನ್ನೇನು ಮಾಡುತ್ತೆ?" ಎಂದು ಗದರಿದರು, ಆಕೆಯೂ ಅತ್ತಳು. ಎರಡನೆಯದು ಪೆಟ್ರೋಲ್ ಬಂಕಿನವನ ಮೇಲೆ. ಬಂಕು ಬದಲಿಸಿದರೂ ನಡುಕ ನಿಲ್ಲಲಿಲ್ಲ. ಇನ್ನು ಉಳಿದವನು ಒಬ್ಬನೇ.

ನೇರ ಗ್ಯಾರೇಜಿಗೆ ನುಗ್ಗಿ, ಗಿರಾಕಿಗಳೆದುರೇ ಬಾಮೈದನನ್ನು ನಿಲ್ಲಿಸಿಕೊಂಡರು. "ಒಳಗಿಂದ ಏನು ಕಿತ್ಕೊಂಡೆ, ಹೇಳು."

"ಭಾವ, ಒಂದ್ಸಲ ಬಾನೆಟ್ ತೆಗೀರಿ, ನೋಡ್ತೀನಿ."

"ಇನ್ನೂ ಏನಾದ್ರೂ ಉಳಿದಿದೆಯಾ ಅಂತ ನೋಡೋದಕ್ಕಾ? ಕಳ್ಳ!"

ಬಾಮೈದ ಕೈ ಒರೆಸಿಕೊಂಡು ಒಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ.

ಸುದ್ದಿ ಮೇಷ್ಟ್ರಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ಅಳಲಿಲ್ಲ, ಕೂಗಾಡಲಿಲ್ಲ. "ನಾಳೆ ಬೇರೆ ಗ್ಯಾರೇಜಿಗೆ ತೋರ್ಸೋಣ, ನಾನೂ ಬರ್ತೀನಿ. ಅವನೇ ಕೆಡಿಸಿದ್ದು ಅಂತಾದ್ರೆ ನನಗೆ ತಮ್ಮನೇ ಇಲ್ಲ ಅಂದ್ಕೊಂಡು ಇರ್ತೀನಿ. ಅಲ್ಲ ಅಂತಾದ್ರೆ ನೀವು ಅಲ್ಲೇ ಹೋಗಿ, ಗಿರಾಕಿಗಳ ಮುಂದೇನೇ ತಪ್ಪಾಯ್ತು ಅನ್ಬೇಕು," ಎಂದಳು. ಮೇಷ್ಟ್ರು ಒಪ್ಪಿದರು. ಈಕೆಗೆ ಇಷ್ಟು ಧೈರ್ಯ ಎಲ್ಲಿಂದ ಬಂತು, ತಮ್ಮ ಏನಾದರೂ ಹೇಳಿಕೊಟ್ಟಿದ್ದಾನೋ ಎಂದು ಅದಕ್ಕೂ ಒಂದು ಅನುಮಾನ ಪಟ್ಟರು.

ಪೇಟೆಯ ಇನ್ನೊಂದು ತುದಿಯ ಗ್ಯಾರೇಜಿನಲ್ಲಿ ನರೆತ ಮೀಸೆಯ ಮೆಕ್ಯಾನಿಕ್ಕು ಕಾರನ್ನು ಏರು ಹತ್ತಿಸಿ ಬಂದ. "ನಡುಕ ಚಕ್ರದ್ದಲ್ಲ, ಎಂಜಿನ್ನಿಂದು. ಭಾರ ಬಿದ್ದಾಗ ಒಂದು ಸಿಲಿಂಡರ್ ಕೈ ಕೊಡ್ತಿದೆ," ಎಂದು ಪ್ಲಗ್ಗುಗಳನ್ನು ಬಿಚ್ಚತೊಡಗಿದ. ಕೊನೆಯದನ್ನು ಬೆಳಕಿಗೆ ಹಿಡಿದಾಗ, ಅದರ ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡಿತು.

"ಪಾನಾ ಓರೆಯಾಗಿ ಬಿದ್ದಿದೆ ನೋಡಿ. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಕಿಡಿ ಈ ಬಿರುಕಲ್ಲೇ ಸೋರಿ ಹೋಗುತ್ತೆ. ಇದನ್ನ ಹಾಕಿದೋನು ಯಾರೋ ಅಡ್ಡಕಸಬಿ ಇರ್ಬೇಕು."

ಮೇಷ್ಟ್ರ ಕಿವಿಯಲ್ಲಿ ಭಾನುವಾರದ ಆ ಟಕ್ ಮತ್ತೆ ಕೇಳಿಸಿತು. ಆ ದಿನ ಅವರನ್ನು ಯಾರೂ ನೋಡಿರಲಿಲ್ಲ. ಬಾಮೈದನೇ ಹಾಕಿದ್ದೆಂದರೆ ಅದು ಸುಳ್ಳೂ ಆಗುವುದಿಲ್ಲ, ತಮ್ಮ ಮರ್ಯಾದೆಯೂ ಉಳಿಯುತ್ತದೆ. "ಹಾಕಿದ್ದು..." ಎಂದು ಬಾಯಿ ತೆರೆದರು.

"ಇದೇನ್ರೀ ಈ ಬಣ್ಣ?"

ಹೆಂಡತಿ ಪ್ಲಗ್ಗನ್ನು ಕೈಗೆ ತೆಗೆದುಕೊಂಡಿದ್ದಳು. ಕಬ್ಬಿಣದ ಭಾಗದ ಮೇಲಿದ್ದ ನೇರಳೆ ಚುಕ್ಕಿಯನ್ನು ನೋಡಿ ತನ್ನ ಉಗುರು ನೋಡಿಕೊಂಡಳು. ಮತ್ತೆ ಚುಕ್ಕಿ ನೋಡಿದಳು. "ನಾನು ಈ ಬಾಟಲಿ ತಂದಿದ್ದು ಕಾರು ಅವನ ಹತ್ರದಿಂದ ಬಂದ ಮೇಲೆ," ಎಂದಳು ಮೆಲ್ಲಗೆ.

ಮೆಕ್ಯಾನಿಕ್ಕು ಹೊಸ ಪ್ಲಗ್ಗು ತರುವ ನೆಪದಲ್ಲಿ ಒಳಗೆ ಸರಿದ. ಮೇಷ್ಟ್ರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಈಕೆ ಇನ್ನು ಮೇಲೆ ತಮ್ಮ ಯಾವ ಮಾತನ್ನೂ ನಂಬದೇ ಹೋದರೆ ಎಂದು ಭಯವಾಯಿತು. ಯಾರಾದರೂ ತಮ್ಮನ್ನು ನಂಬದೇ ಹೋಗಬಹುದೆಂದು ಅವರಿಗೆ ಹೊಳೆದದ್ದು ಅದೇ ಮೊದಲು.

ಹೊಸ ಪ್ಲಗ್ಗು ಹಾಕಿದ ಮೇಲೆ ಕಾರು ಸಲೀಸಾಗಿ ಓಡಿತು. ಬಾಮೈದನ ಗ್ಯಾರೇಜಿನಲ್ಲಿ ಇಬ್ಬರು ಗಿರಾಕಿಗಳಿದ್ದರು. ಮೇಷ್ಟ್ರು ಅವರ ನಡುವೆಯೇ ನಿಂತು, "ತಪ್ಪಾಯ್ತು ಕಣೋ. ನಂಬಿಕೆಯಿಲ್ಲದೆ ಬಿಚ್ಚಿದ್ದು ನಾನು, ಒಡೆದಿದ್ದೂ ನಾನು. ಹೊಟ್ಟೆಗೆ ಹಾಕ್ಕೋ," ಎಂದರು.

ಬಾಮೈದ ಅಕ್ಕನ ಮುಖ ನೋಡಿ, ಕೀಲಿಗೆ ಕೈ ಚಾಚಿದ. "ಬನ್ನಿ, ಒಂದು ಸುತ್ತು ಹೋಗಿ ಬರೋಣ."

ಅಕ್ಕ ಹಿಂದೆ ಕೂತಳು. ಮೇಷ್ಟ್ರು ತಮ್ಮ ಮಾಮೂಲಿ ಸೀಟಿನಲ್ಲಿ ಕೂತರು. ಏರಿನಲ್ಲಿ ಬಾಮೈದ ಆಕ್ಸಿಲರೇಟರ್ ಜೋರಾಗಿ ಒತ್ತಿದ. ಕಾರು ಒಂದಿಷ್ಟೂ ನಡುಗಲಿಲ್ಲ. ಎದುರಿನ ತಿರುವಿನಲ್ಲಿ ಲಾರಿಯೊಂದು ಕಾಣಿಸಿತು.

"ಭಾವ, ಬ್ರೇಕ್ ಮೇಲಿಂದ ಕಾಲು ತೆಗೀರಿ. ಓಡಿಸ್ತಿರೋದು ನಾನು."

ಕಾಲು ಅಲ್ಲಿಗೆ ಹೋದದ್ದೇ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಕನ್ನಡಿಯಲ್ಲಿ ಹೆಂಡತಿಯ ಕಣ್ಣು ಅವರನ್ನೇ ನೋಡುತ್ತಿತ್ತು. ಅವರು ಎರಡೂ ಕಾಲು ಮೇಲೆಳೆದುಕೊಂಡು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಲಾರಿ ಹತ್ತಿರ ಬಂತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು, ಕಾಲನ್ನು ಮಾತ್ರ ಕೆಳಗಿಳಿಸಲಿಲ್ಲ.